ಉಬುಂಟು ಅಳಿಸಿದೆ, ವಿಂಡೋಸೂ ಏಳುತ್ತಿಲ್ಲ!

ಪ್ರಶ್ನೆ: ನಂಜನಗೂಡಿನಲ್ಲಿ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಅಲ್ಲಿನ ಹಳೆ ಕಂಪ್ಯೂಟರಿಗೆ ವಿಂಡೋಸ್ ಜೊತೆ ಉಬುಂಟು ಹಾಕಿದ್ದೆವು. ‘ನುಡಿ’ ಕೆಲಸಕ್ಕೆ ವಿಂಡೋಸೇ ಸಾಕೆಂದು ಉಬುಂಟು ಪಾರ್ಟಿಷನ್ ಅಳಿಸಿದೆ. ಈಗ ಆನ್ ಮಾಡಿದರೆ ‘ಗ್ರಬ್ ರೆಸ್ಕ್ಯೂ’ ಎಂದು ನಿಂತುಬಿಡುತ್ತದೆ. ರಿಪೇರಿಯವರು ಫಾರ್ಮ್ಯಾಟ್ ಮಾಡಬೇಕು ಅಂತಾರೆ. ಫೈಲುಗಳೆಲ್ಲ ಹೋದವೇ?
– ಓದುಗರು, ತಿ. ನರಸೀಪುರ

ಉತ್ತರ: ಅಳಿಸಿದ್ದು ಉಬುಂಟು ಪಾರ್ಟಿಷನ್ ಮಾತ್ರವಾದರೆ ನಿಮ್ಮ ಫೈಲುಗಳು ಇದ್ದಲ್ಲೇ ಇವೆ. ಫಾರ್ಮ್ಯಾಟಿಗೆ ಒಪ್ಪಬೇಡಿ.

ಹಳೆಯ ಬಯಾಸ್ ಯಂತ್ರಗಳಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟುಗಳೇ ಮಾಸ್ಟರ್ ಬೂಟ್ ರೆಕಾರ್ಡ್, ಅಂದರೆ ಎಂಬಿಆರ್. 1983ರ ಪಿಸಿ ಡಾಸ್ 2.0 ಕಾಲದ ಏರ್ಪಾಡು ಇದು. ಅದರಲ್ಲಿ 446 ಬೈಟು ಯಂತ್ರವನ್ನು ಎಬ್ಬಿಸುವ ಕೋಡಿಗೆ, 64 ಬೈಟು ಯಾವ ಪಾರ್ಟಿಷನ್ ಎಲ್ಲಿದೆ ಎಂಬ ಪಟ್ಟಿಗೆ, ಉಳಿದೆರಡು ಗುರುತಿಗೆ. ಉಬುಂಟು ಹಾಕಿದ ದಿನ ವಿಂಡೋಸಿನ ಕೋಡು ಎದ್ದುಹೋಗಿ ಆ ಜಾಗದಲ್ಲಿ ಉಬುಂಟುವನ್ನು ಎಬ್ಬಿಸುವ ಗ್ರಬ್ ಎಂಬ ಬೂಟ್‌ಲೋಡರ್ ಕೂತಿತು. ಗ್ರಬ್‌ನ ಮಿಕ್ಕ ಭಾಗ ಇದ್ದದ್ದು ನೀವು ಅಳಿಸಿದ ಪಾರ್ಟಿಷನ್ನಿನಲ್ಲಿ. ಮುಳುಗಡೆಯಾದ ಊರಿಗೆ ಇನ್ನೂ ದಾರಿ ತೋರುವ ಕೈಮರದ ಪಾಡು ಈಗ ಅದರದ್ದು.

ಬೇರೆ ಕಂಪ್ಯೂಟರಿನಲ್ಲಿ, 8 ಜಿಬಿ ಖಾಲಿ ಪೆನ್‌ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿಕೊಳ್ಳಿ. ಅದರಿಂದ ಬೂಟ್ ಮಾಡಿ. ‘ಇನ್‌ಸ್ಟಾಲ್’ ಒತ್ತಬೇಡಿ, ‘ರಿಪೇರ್ ಯುವರ್ ಕಂಪ್ಯೂಟರ್’ ಆರಿಸಿ ಕಮಾಂಡ್ ಪ್ರಾಂಪ್ಟಿಗೆ ಹೋಗಿ. ಅಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಬೂಟ್‌ರೆಕ್’, ಒಂದು ಸ್ಪೇಸ್, ಓರೆಗೆರೆ, ‘ಫಿಕ್ಸ್‌ಎಂಬಿಆರ್’ ಎಂದು ಬರೆದು ಎಂಟರ್ ಒತ್ತಿ. ಇದು ಕೋಡನ್ನಷ್ಟೇ ಹೊಸದಾಗಿ ಬರೆಯುತ್ತದೆ. ಪಾರ್ಟಿಷನ್ ಪಟ್ಟಿಯನ್ನು ಮುಟ್ಟುವುದಿಲ್ಲ. ಪೆನ್‌ಡ್ರೈವ್ ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ವಿಂಡೋಸ್ ಏಳುತ್ತದೆ.

ಯುಇಎಫ್ಐ ಇರುವ ಹೊಸ ಯಂತ್ರವಾದರೆ ಈ ಕಮಾಂಡಿನಿಂದ ಏನೂ ಆಗದು. ಅಲ್ಲಿ ಬೂಟ್ ಕೋಡು ಇರುವುದು ಇಎಫ್ಐ ಎಂಬ ಪುಟ್ಟ ಪಾರ್ಟಿಷನ್ನಿನಲ್ಲಿ, ಫೈಲಿನ ರೂಪದಲ್ಲಿ. ವಿಂಡೋಸಿನದೂ ಉಬುಂಟುವಿನದೂ ಅಕ್ಕಪಕ್ಕದ ಫೋಲ್ಡರುಗಳು. ಯಂತ್ರದ ಸೆಟಪ್ಪಿಗೆ ಹೋಗಿ ಬೂಟ್ ಕ್ರಮದಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಅನ್ನು ಮೇಲಕ್ಕೆ ತಂದರೆ ಬಹುತೇಕ ಕೆಲಸ ಮುಗಿದಂತೆ.

ಉಬುಂಟುವನ್ನು ಓಡಿಸಿದ್ದು ನನಗೇನೋ ಸ್ವಲ್ಪ ಬೇಸರವೇ. ಕನ್ನಡದ ಕಗಪ ಕೀಲಿಮಣೆ ಅದರಲ್ಲೂ ಇದೆ. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಇರಲಿ, ನಿಮ್ಮ ಹಳೆಯ ನುಡಿ ಫೈಲುಗಳ ತಾಪತ್ರಯ ನಿಮಗೇ ಗೊತ್ತು.

ಇದೆಲ್ಲ ನಿಮ್ಮಿಂದಾಗದೆ ರಿಪೇರಿಗೇ ಕೊಡುವುದಾದರೆ, ‘ಎಂಬಿಆರ್ ಮಾತ್ರ ಸರಿಮಾಡಿ, ಬೇರೆ ಯಾವ ಡ್ರೈವನ್ನೂ ಮುಟ್ಟಬೇಡಿ’ ಎಂದು ಚೀಟಿಯಲ್ಲಿ ಬರೆದೇ ಕೊಡಿ.