ಮಡಚುವ ಲ್ಯಾಪ್‌ಟಾಪ್ ಮತ್ತು ಎಂಟು ಬಾಕ್ಸ್ ಟೈಲ್ಸ್

ಅಕೌಂಟೆನ್ಸಿಯಲ್ಲಿ 'ಸೋರ್ಸ್ ಡಾಕ್ಯುಮೆಂಟ್', ಅಂದರೆ ಮೂಲ ದಾಖಲೆ ಎಂಬ ವಿಷಯ ಬಂದಾಗ ನಾವೆಲ್ಲ ಎರಡು ಅಂಕಕ್ಕೆ ಸಾಕಾಗುವಷ್ಟು ಓದಿ ಬಿಟ್ಟಿದ್ದೆವು. ವ್ಯವಹಾರ ನಡೆದ ಹೊತ್ತಿಗೆ ಬರೆದ ಚೀಟಿ ಮೂಲ ದಾಖಲೆ. ಅದನ್ನು ನೋಡಿ ಬರೆಯುವುದೆಲ್ಲ ಆಮೇಲಿನದು. ಇದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಕಾರ್ಕಳದ ಒಂದು ಮನೆಯ ಅಡುಗೆಕೋಣೆಯ ಗೋಡೆಯಿಂದ.

ಅಮ್ಮಿಯ ಅಣ್ಣ, ನನ್ನ ಮಾಮೂ, ಟೈಲ್ಸ್ ಅಂಗಡಿಯೊಂದಕ್ಕೆ ಆರ್ಡರ್ ಹಿಡಿಯುವ ಕಮಿಷನ್ ಏಜೆಂಟ್. ಬೆಳಿಗ್ಗೆ ಕಾಪು, ಉಡುಪಿ, ಮಧ್ಯಾಹ್ನ ಮಣಿಪಾಲ, ಕೆಲವು ದಿನ ಹಿರಿಯಡ್ಕ, ಬೈಲೂರು ದಾರಿಯಾಗಿ ಕಾರ್ಕಳ. ಹೆಗಲ ಚೀಲದಲ್ಲಿ ಕ್ಯಾಟಲಾಗು, ಅಳತೆ ಟೇಪು, ಕಾರ್ಬನ್ ಹಾಕಿದ ಕೊಟೇಶನ್ ಪುಸ್ತಕ. ಹಳೆಯ ಲ್ಯಾಪ್‌ಟಾಪ್ ಮನೆಯಲ್ಲೇ ಇರುತ್ತದೆ. ರಾತ್ರಿ ಅವರ ಪುಸ್ತಕ ನೋಡಿ ಎಕ್ಸೆಲ್‌ನಲ್ಲಿ ಟೈಪ್ ಮಾಡಿ ಅಂಗಡಿಗೆ ಕಳಿಸುವುದು ನನ್ನ ಕೆಲಸ.

ಮಾಮೂ ಅಂಕಿಗಳನ್ನು ಉರ್ದುವಿನಲ್ಲಿ ಬರೆಯುತ್ತಾರೆ. ಉರ್ದುವಿನ 7 ಇಂಗ್ಲಿಷಿನ 'ವಿ' ಅಕ್ಷರದ ಹಾಗೆ ಕಾಣುತ್ತದೆ. 8 ಎಂದರೆ ಅದೇ 'ವಿ' ತಲೆಕೆಳಗಾದದ್ದು. ಆ ರಾತ್ರಿ ಅವರು ಊಟಕ್ಕೆ ಕುಳಿತಿದ್ದರು, ಪುಸ್ತಕ ಅವರ ಕಡೆಗೆ ತಿರುಗಿತ್ತು, ನಾನು ಎದುರು ಕುಳಿತು ಅಲ್ಲಿಂದಲೇ ಇಣುಕಿ 7 ಎಂದು ಟೈಪ್ ಮಾಡಿದೆ. ಇದ್ದದ್ದು 8. ಒಂದು ಬಾಕ್ಸ್ ತಾನೇ, ಆಮೇಲೆ ತರಿಸಿದರಾಯಿತು ಎಂದುಕೊಳ್ಳಬೇಡಿ. ಟೈಲ್ಸ್ ಪ್ರತಿ ಬ್ಯಾಚಿಗೂ ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಬರುತ್ತದೆ. ಹಳೆಯ ಬ್ಯಾಚ್ ಮುಗಿದಿತ್ತು. ಹೊಸ ಬಾಕ್ಸಿನದು ಗೋಡೆಯ ಒಂದು ಮೂಲೆಯಲ್ಲಿ ತೇಪೆ ಹಾಕಿದಂತೆ ಕಂಡಿತು. ಮನೆಯವರು ಒಪ್ಪಲಿಲ್ಲ, ಆ ಆರ್ಡರಿನ ಕಮಿಷನ್ ಪೂರ್ತಿ ಮಾಮೂ ಬಿಟ್ಟುಕೊಡಬೇಕಾಯಿತು. "ಉಲ್ಟಾ ಪಢೀ ಕ್ಯಾ ಬೇಟಾ?" ಎಂದಷ್ಟೇ ಕೇಳಿದರು. ಬೈದಿದ್ದರೆ ವಾಸಿ ಇತ್ತು.

ಆಮೇಲೆಯೇ ಮಡಚುವ ಲ್ಯಾಪ್‌ಟಾಪಿನ ಮಾತು ಬಂದದ್ದು. ಯಾವುದು ಒಳ್ಳೆಯದು ನೋಡು ಎಂದು ನನಗೇ ಹೇಳಿದರು.

ಇದು ಹೊಸ ವಸ್ತುವಲ್ಲ. 1993ರಲ್ಲೇ ಗ್ರಿಡ್ ಎಂಬ ಕಂಪನಿ ಹೀಗೆ ಎರಡೂ ರೂಪಕ್ಕೆ ಬರುವ ಕಂಪ್ಯೂಟರ್ ಮಾರಿತ್ತು. 2002ರಲ್ಲಿ ಮೈಕ್ರೋಸಾಫ್ಟ್ ಪೆನ್ನಿನಿಂದ ಬರೆಯುವ ಟ್ಯಾಬ್ಲೆಟ್ ಪಿಸಿಗಾಗಿಯೇ ವಿಂಡೋಸ್ ಎಕ್ಸ್‌ಪಿ ತಂದಿತು. 2012ರಲ್ಲಿ ಲೆನೊವೊ ಯೋಗ ಬಂದ ಮೇಲೆ 360 ಡಿಗ್ರಿ ತಿರುಗುವ ಹಿಂಜ್ ಎಲ್ಲರಿಗೂ ಪರಿಚಯವಾಯಿತು. ಈಗ ಅಂಗಡಿಯಲ್ಲಿ ಸಿಗುವುದು ಮುಖ್ಯವಾಗಿ ಎರಡು ಬಗೆ: ಪರದೆಯನ್ನು ಪೂರ್ತಿ ಹಿಂದಕ್ಕೆ ಮಡಚುವಂಥದ್ದು ಒಂದು, ಕೀಬೋರ್ಡನ್ನು ಕಳಚಿ ಇಡುವಂಥದ್ದು ಇನ್ನೊಂದು.

ಮಣಿಪಾಲದ ಅಂಗಡಿಯೊಂದರಲ್ಲಿ ಎರಡನ್ನೂ ಹಿಡಿದು ನೋಡಿದೆವು. ಮಡಚುವಂಥದ್ದು ಹೆಚ್ಚುಕಡಿಮೆ ಒಂದೂವರೆ ಕೆಜಿ. ನಿಂತುಕೊಂಡು ಒಂದೇ ಕೈಯಲ್ಲಿ ಹಿಡಿದು ಬರೆಯುವುದು ಜಾಹೀರಾತಿನಲ್ಲಿ ಸುಲಭ. ಐದು ನಿಮಿಷಕ್ಕೆ ನನ್ನ ಮಣಿಕಟ್ಟು ನೋಯಿತು. ಕಳಚುವಂಥದ್ದು ಕೈಗೆ ಹಗುರ, ಆದರೆ ಅದರ ಕೀಬೋರ್ಡ್ ತೊಡೆಯ ಮೇಲೆ ಓಲಾಡುತ್ತದೆ. ಬಸ್ಸಿನಲ್ಲಿ ಟೈಪ್ ಮಾಡುವವರಿಗೆ ಅದು ಆಗದು. ಮಡಚಿದಾಗ ಕೀಲಿಗಳು ಅಡಿಗೆ ಬರುತ್ತವೆ. ಒತ್ತಿದರೂ ಅಕ್ಷರ ಬೀಳದಂತೆ ಸೆನ್ಸರ್ ಅವನ್ನು ನಿಲ್ಲಿಸುತ್ತದೆ.

ಪೆನ್ನಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ. ತುದಿಗೆ ರಬ್ಬರ್ ಇರುವ ಅಗ್ಗದ ಪೆನ್ನು ಬೆರಳಿನ ಬದಲಿ ಮಾತ್ರ. ಅಂಗೈ ತಾಗಿದರೂ ಗೆರೆ ಬೀಳಬಹುದು. 'ಆಕ್ಟಿವ್ ಪೆನ್' ಎಂಬುದನ್ನು ಪರದೆ ಬೇರೆಯಾಗಿ ಗುರುತಿಸುತ್ತದೆ, ಅಂಗೈಯನ್ನು ಲೆಕ್ಕಕ್ಕೆ ಇಡುವುದಿಲ್ಲ. ಟಚ್ ಇರುವ ಪರದೆಗಳೆಲ್ಲ ಆ ಪೆನ್ನಿಗೆ ಸ್ಪಂದಿಸುವುದಿಲ್ಲ. ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯಲ್ಲೇ ಬರೆದು ನೋಡಬೇಕು. ಮಾಮೂ ಬರೆದು ನೋಡಿದರು, ಬಲದಿಂದ ಎಡಕ್ಕೆ. ಉರ್ದು ಕೀಬೋರ್ಡ್ ಬೇಕಾಗಲಿಲ್ಲ. ಬಾತ್‌ರೂಮಿನ ನಕ್ಷೆ ಬಿಡಿಸಿ ಅಳತೆಯನ್ನು ಅದರ ಮೇಲೆಯೇ ಹಾಕಿದರು.

ಆದರೆ ನನಗೆ ಹಿಡಿಸಿದ್ದು ಬೇರೆ. ಲ್ಯಾಪ್‌ಟಾಪನ್ನು ಡೇರೆಯ ಹಾಗೆ ನಿಲ್ಲಿಸಿದರೆ ಪರದೆ ಗಿರಾಕಿಯ ಕಡೆಗೆ ತಿರುಗುತ್ತದೆ, ಅಕ್ಷರ ನೆಟ್ಟಗೆ ಕಾಣುತ್ತದೆ. ಎಂಟು ಬಾಕ್ಸ್ ಎಂಬುದನ್ನು ಅವರೇ ಓದುತ್ತಾರೆ. ಅದೇ ಮೂಲ ದಾಖಲೆ. ರಾತ್ರಿ ನಾನು ನೋಡಿ ಟೈಪ್ ಮಾಡುವ ಮಾತೇ ಇಲ್ಲ.

ನಮ್ಮ ಊರಿಗೆ ಈ ಬುದ್ಧಿ ಹಳೆಯದು. 1928ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪಿಗ್ಮಿ ಠೇವಣಿಯಲ್ಲಿ ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು, ಏಜೆಂಟರು ಮನೆ ಬಾಗಿಲಿಗೆ ಬರುತ್ತಿದ್ದರು. ನಾನಿ ಹೇಳುವಂತೆ, ನಮ್ಮ ಮನೆಗೆ ಬರುತ್ತಿದ್ದ ಏಜೆಂಟ್ ದುಡ್ಡು ಎಣಿಸಿ ಎದುರಿಗೇ ಕಾರ್ಡಿನಲ್ಲಿ ಬರೆದು ತೋರಿಸಿ ಹೋಗುತ್ತಿದ್ದರು. ಓದು ಬಾರದ ನಾನಿಗೂ ಅಂಕಿ ಗೊತ್ತಾಗುತ್ತಿತ್ತು.

ಒಂದು ಎಚ್ಚರಿಕೆ. ಪರದೆಯ ಮೇಲೆ ಗೀಚಿದ ಸಹಿ ಮಾಹಿತಿ ತಂತ್ರಜ್ಞಾನ ಕಾಯ್ದೆ 2000 ಹೇಳುವ ಡಿಜಿಟಲ್ ಸಹಿ ಅಲ್ಲ. ಅದು ಸಹಿಯ ಚಿತ್ರ ಮಾತ್ರ. ಹಾಗಾಗಿ ಕೊಟೇಶನ್ನನ್ನು ಪಿಡಿಎಫ್ ಮಾಡಿ ಗಿರಾಕಿಗೆ ಅಲ್ಲೇ ಕಳಿಸಿ 'ಸರಿ' ಎಂಬ ಉತ್ತರ ತರಿಸಿಕೊಳ್ಳುವುದು ಒಳ್ಳೆಯದು.

ಇನ್ನು ದುಡ್ಡು. ನಾವು ನೋಡಿದ್ದರ ಬೆಲೆ 18% ಜಿಎಸ್‌ಟಿ ಸೇರಿ 70,800 ರೂಪಾಯಿ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ಇಳಿಕೆ ಮೌಲ್ಯದ ಮೇಲೆ 40% ಸವಕಳಿ ಸಿಗುತ್ತದೆ: ಮೊದಲ ವರ್ಷ 28,320, ಎರಡನೆಯ ವರ್ಷ 16,992. ಕೊಂಡ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಆ ವರ್ಷ ಅರ್ಧ ಮಾತ್ರ. ಅಂಗಡಿಯವನು 'ನೋ ಕಾಸ್ಟ್ ಇಎಂಐ' ಎಂದ. ಮಾಮೂ ಬಡ್ಡಿಯ ಸಾಲ ಮಾಡುವವರಲ್ಲ. ಬಡ್ಡಿ ಇಲ್ಲವಲ್ಲ ಎಂದು ನನ್ನ ಮುಖ ನೋಡಿದರು. ಸಾಮಾನ್ಯವಾಗಿ ಅಲ್ಲಿ ಬ್ಯಾಂಕ್ ಬಡ್ಡಿ ಹಾಕುತ್ತದೆ, ಅಷ್ಟನ್ನು ಮಾರುವವರು ರಿಯಾಯಿತಿಯಾಗಿ ಕಳೆಯುತ್ತಾರೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿ ನಮ್ಮ ತಲೆಗೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಮಾಮೂ "ಜಮಾ ಮಾಡಿ ಕೊಳ್ಳೋಣ" ಎಂದು ಎದ್ದರು.

ಪೆನ್ನಿರುವ ಟ್ಯಾಬ್ಲೆಟ್ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ, ಅದು ಸಾಲದೇ ಎಂದು ನಮ್ಮ ಲೆಕ್ಚರರ್ ಕೇಳಿದರು. ಬರೀ ಕ್ಯಾಟಲಾಗು ತೋರಿಸುವವರಿಗೆ ಸಾಕು. ನಮ್ಮ ಅಂಗಡಿಯ ಎಕ್ಸೆಲ್ ಹಾಳೆ ದೊಡ್ಡದು, ಅದರ ಕೆಲವು ಬಟನ್‌ಗಳು ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತವೆ. ಇಡೀ ದಿನ ಒಂದೇ ಮೇಜಿನಲ್ಲಿ ಕೂರುವವರು ಹಿಂಜ್‌ಗೆಂದು ಹೆಚ್ಚು ದುಡ್ಡು ಕೊಡುವುದು ದಂಡ ಎಂದು ನನ್ನ ಅಭಿಪ್ರಾಯ.

ಇಲ್ಲಿಯವರೆಗೆ 46,000 ಜಮಾ ಆಗಿದೆ. ಅಲ್ಲಿಯವರೆಗೆ ಮಾಮೂ ಅಂಕಿಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತಿದ್ದಾರೆ, ಪಕ್ಕದಲ್ಲಿ ಅಕ್ಷರದಲ್ಲೂ. ನಾನು ಎದುರು ಕೂರುವುದು ಬಿಟ್ಟು ಅವರ ಪಕ್ಕದಲ್ಲಿ ಕೂರುತ್ತೇನೆ.