ವಿದೇಶಿ ಸೊಸೆ, ವಿದೇಶಿ ಅಳಿಯ: ಮದುವೆ ನೋಂದಣಿಯಿಂದ ಒಸಿಐ ತನಕ

ಮಗನೋ ಮಗಳೋ ಬೇರೆ ದೇಶದವರನ್ನು ಕೈಹಿಡಿದು ಇಲ್ಲೇ ನೆಲೆಸುತ್ತೇವೆ ಎಂದಾಗ ಮನೆಯವರ ಮೊದಲ ಓಡಾಟ ಛತ್ರಕ್ಕೆ, ಅಡುಗೆಯವರ ಹತ್ತಿರಕ್ಕೆ. ಅದಕ್ಕೂ ಮುಂಚೆ ಉಪನೋಂದಣಾಧಿಕಾರಿ ಕಚೇರಿಗೆ ಒಮ್ಮೆ ಹೋಗಿ ಬನ್ನಿ. ವೀಸಾ, ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್, ಕೊನೆಗೆ ಪೌರತ್ವ ಎಲ್ಲವೂ ನಿಂತಿರುವುದು ಮದುವೆಯ ನೋಂದಣಿ ಪತ್ರದ ಮೇಲೆ.

ಹಿಂದೂ ವಿವಾಹ ಕಾಯ್ದೆಯಡಿ ನೋಂದಣಿಯಾಗಬೇಕಾದರೆ ವಧು ವರ ಇಬ್ಬರೂ ಹಿಂದೂಗಳಾಗಿರಬೇಕು. ಧರ್ಮಸ್ಥಳದಲ್ಲೋ ಊರ ದೇವಸ್ಥಾನದಲ್ಲೋ ತಾಳಿ ಕಟ್ಟಿದ ಮಾತ್ರಕ್ಕೆ ಈ ಷರತ್ತು ಹೋಗುವುದಿಲ್ಲ. ಮತಾಂತರವಾಗದ ಜೋಡಿಗೆ ಇರುವ ದಾರಿ 1954ರ ವಿಶೇಷ ವಿವಾಹ ಕಾಯ್ದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿದ್ದು ನೋಟಿಸ್ ಕೊಡಬೇಕು. ಅದು ಪ್ರಕಟವಾಗಿ 30 ದಿನ ಕಳೆದ ಮೇಲೆ, ಮೂವರು ಸಾಕ್ಷಿಗಳ ಎದುರು ಮದುವೆ. ನೋಟಿಸ್ ಕೊಟ್ಟು ಮೂರು ತಿಂಗಳೊಳಗೆ ಮದುವೆ ನಡೆಯದಿದ್ದರೆ ಮತ್ತೆ ಮೊದಲಿನಿಂದ ಶುರು. ಹಾಗಾಗಿ ವಿದೇಶದಿಂದ ಬರುವವರು ರಜೆ ಹಾಕುವ ಮುಂಚೆ ಈ ದಿನಗಳನ್ನು ಲೆಕ್ಕ ಹಾಕಲಿ. ಅವರು ಅವಿವಾಹಿತರು ಎಂಬುದಕ್ಕೆ ಅವರ ದೇಶದ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಅದಕ್ಕೆ ಅಪೊಸ್ಟಿಲ್ ಮುದ್ರೆ ಬೇಕೇ ಎಂದು ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ನಮ್ಮ ಕಡೆಯ ದೊಡ್ಡ ತೊಡಕು ಹೆಸರಿನದು. ಶಾಲೆಯ ಅಂಕಪಟ್ಟಿಯಲ್ಲಿ ‘ಕೆ. ಎಸ್. ಮಂಜುನಾಥ’, ಆಧಾರ್‌ನಲ್ಲಿ ಬರೀ ‘ಮಂಜುನಾಥ’, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಊರು, ತಂದೆ, ತನ್ನ ಹೆಸರು ಮೂರೂ ಸಾಲಾಗಿ. ನೋಂದಣಿ ಪತ್ರದಲ್ಲಿ ಇಬ್ಬರ ಹೆಸರೂ ಅವರವರ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ, ಅಕ್ಷರಕ್ಕೆ ಅಕ್ಷರ ಬರಬೇಕು. ಸಹಿ ಹಾಕುವ ಮೊದಲು ಕರಡನ್ನು ಪಾಸ್‌ಪೋರ್ಟಿನ ಪಕ್ಕ ಇಟ್ಟು ಓದಿ. ಆಮೇಲೆ ತಿದ್ದಿಸಲು ಅಲೆಯುವುದಕ್ಕಿಂತ ಆ ಹತ್ತು ನಿಮಿಷ ಮೇಲು.

ನೆಲೆಸಲು ಬರುವ ಸಂಗಾತಿಗೆ ಸಿಗುವುದು ಎಂಟ್ರಿ ವೀಸಾ, ಬಳಕೆಯ ಮಾತಿನಲ್ಲಿ ಎಕ್ಸ್ ವೀಸಾ. 180 ದಿನಕ್ಕಿಂತ ಹೆಚ್ಚಿನ ವೀಸಾ ಆಗಿದ್ದು, ಅದರ ಮೇಲೆ ಬೇರೆ ಸೂಚನೆ ಇಲ್ಲದಿದ್ದರೆ, ಬಂದಿಳಿದ 14 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು. ಈ ನೋಂದಣಿ ಮಾಡುವ ಬೆಂಗಳೂರಿನ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿ (ಎಫ್‌ಆರ್‌ಆರ್‌ಒ) ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಆದರೆ 2018ರಲ್ಲಿ ಇ-ಎಫ್‌ಆರ್‌ಆರ್‌ಒ ಬಂದ ಮೇಲೆ ಅರ್ಜಿ, ದಾಖಲೆ, ಶುಲ್ಕ ಎಲ್ಲವೂ ಆನ್‌ಲೈನ್. ಅವರಾಗಿ ಕರೆದರೆ ಮಾತ್ರ ಹೋದರಾಯಿತು. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಮನೆಯವರು ಆನ್‌ಲೈನ್‌ನಲ್ಲಿ ವರದಿ ಕೊಡುವ ನಿಯಮ ಹೋಟೆಲಿಗಷ್ಟೇ ಅಲ್ಲ, ಸೊಸೆ ಬಂದಿಳಿದ ಅತ್ತೆ ಮನೆಗೂ ಅನ್ವಯಿಸುತ್ತದೆ. ಫಾರ್ಮ್ ಸಿ ಎಂದೇ ಜನಕ್ಕೆ ಗೊತ್ತಿರುವ ಈ ವರದಿಯನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ.

ವಿಳಾಸದ ಪುರಾವೆಯದೂ ಒಂದು ಕಥೆ. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಓಡುತ್ತಿರುತ್ತದೆ. ಅಂಥ ಬಿಲ್ ಒಂದನ್ನೇ ಹಾಕಬೇಡಿ. ಈಗಿನ ಯಜಮಾನರ ಪತ್ರ, ಅವರ ಆಧಾರ್ ಪ್ರತಿ, ಮನೆಯ ತೆರಿಗೆ ರಸೀದಿ ಜೊತೆಗಿರಲಿ. ವೀಸಾ ವಿಸ್ತರಣೆಯ ಹೊತ್ತಿಗೆ ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿದ್ದಾರೆಯೇ ಎಂದು ವಿಚಾರಿಸಲು ಪೊಲೀಸರು ಮನೆಗೆ ಬರಬಹುದು. ಗಾಬರಿ ಬೇಡ, ಅದು ಕ್ರಮದ ಭಾಗ. ಇನ್ನು ಎಕ್ಸ್ ವೀಸಾದಲ್ಲಿದ್ದುಕೊಂಡು ಅನುಮತಿಯಿಲ್ಲದೆ ಕೆಲಸಕ್ಕೆ ಸೇರುವಂತಿಲ್ಲ.

ಮದುವೆ ನೋಂದಣಿಯಾಗಿ, ಎರಡು ವರ್ಷ ಬಿಡದೆ ಮುಂದುವರಿದಿದ್ದರೆ 1955ರ ಪೌರತ್ವ ಕಾಯ್ದೆಯ 7ಎ ಕಲಮಿನಡಿ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದೊಳಗೆ ಶುಲ್ಕ 15,000 ರೂಪಾಯಿ. ಮದುವೆ ನಡೆದು ಐದು ವರ್ಷ ಕಳೆದು ನಿನ್ನೆ ನೋಂದಣಿ ಮಾಡಿಸಿದವರು ಕಷ್ಟಪಡುವುದು ಇಲ್ಲಿಯೇ. ತಾವು, ತಂದೆತಾಯಿ, ಅಜ್ಜಅಜ್ಜಿ ಅಥವಾ ಮುತ್ತಜ್ಜ ಮುತ್ತಜ್ಜಿ ಪಾಕಿಸ್ತಾನ, ಬಾಂಗ್ಲಾದೇಶದ ನಾಗರಿಕರಾಗಿದ್ದವರಿಗೆ ಈ ಕಾರ್ಡ್ ಇಲ್ಲ. ಕಾರ್ಡ್ ಸಿಕ್ಕರೆ ವೀಸಾ ವಿಸ್ತರಣೆಯ ಕಾಟ ತಪ್ಪುತ್ತದೆ, ಸಾಮಾನ್ಯ ಉದ್ಯೋಗ ಮಾಡಬಹುದು, ಮನೆ ಕೊಳ್ಳಬಹುದು. ಆದರೆ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಕೊಡಗು, ಮಲೆನಾಡಿನ ಮನೆತನಗಳು ಸೊಸೆಯ ಹೆಸರಿಗೆ ತೋಟ ಕೊಳ್ಳುವ ಯೋಚನೆ ಮಾಡುವಾಗ ಇದು ನೆನಪಿರಲಿ. ಮತದಾನದ ಹಕ್ಕೂ ಇಲ್ಲ. ಅದು ಬೇಕೆಂದರೆ ಪೌರತ್ವವೇ ಆಗಬೇಕು. ಭಾರತೀಯರನ್ನು ಮದುವೆಯಾದವರು ಏಳು ವರ್ಷದ ವಾಸದ ನಂತರ ಅರ್ಜಿ ಹಾಕಬಹುದು, ಆದರೆ ತವರು ದೇಶದ ಪೌರತ್ವ ಬಿಡಬೇಕಾಗುತ್ತದೆ.

ನಾನು ಒತ್ತಿ ಹೇಳಬೇಕೆಂದಿರುವುದು ಬೇರೆ. ಸಂಗಾತಿಯಾಗಿ ಪಡೆದ ಒಸಿಐ ಕಾರ್ಡನ್ನು, ಮದುವೆ ರದ್ದಾದರೆ ಸರ್ಕಾರ ರದ್ದುಮಾಡಬಹುದು. ಅದೇ ಪೌರತ್ವ ಕಾಯ್ದೆಯ 7ಡಿ ಕಲಂ ಹಾಗೆ ಹೇಳುತ್ತದೆ. ಪರದೇಶದಿಂದ ಬಂದು, ಭಾಷೆ ಬಾರದ ಊರಿನಲ್ಲಿ ಬಾಳುವ ಹೆಣ್ಣುಮಗಳ ಇರುವಿಕೆಯೇ ಗಂಡನ ಮರ್ಜಿಗೆ ಬಿದ್ದಂತೆ ಆಗಬಾರದು. ಆಕೆಯ ಪಾಸ್‌ಪೋರ್ಟ್, ಒಸಿಐ, ವಿವಾಹ ಪತ್ರದ ದೃಢೀಕೃತ ಪ್ರತಿ ಆಕೆಯ ಕೈಯಲ್ಲೇ ಇರಬೇಕು, ಮಾವನವರ ಬೀರುವಿನಲ್ಲಲ್ಲ. ವಾದ ಹೇಳಿಕೊಳ್ಳಲು ಅವಕಾಶ ಕೊಡದೆ ಕಾರ್ಡ್ ರದ್ದು ಮಾಡುವಂತಿಲ್ಲ ಎಂದು 2019ರ ತಿದ್ದುಪಡಿ ಸ್ಪಷ್ಟಪಡಿಸಿದೆ. ನೋಟಿಸ್ ಬಂದರೆ ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಟ್ಟು ಸ್ವೀಕೃತಿ ಪಡೆಯಲಿ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ರಕ್ಷಣೆ ಪೌರತ್ವ ಕೇಳುವುದಿಲ್ಲ. ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವಿಗೂ ಮಹಿಳೆ ಎಂಬುದೇ ಸಾಕು, ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.