ಹಳ್ಳಕ್ಕೆ ಕರೆಂಟ್ ಬಿಟ್ಟಿದ್ದಾರೆ, ದೂರು ಕೊಡುವುದೆಲ್ಲಿ?

ಮೊದಲ ಮಳೆಗೆ ಹಳ್ಳದಲ್ಲಿ ಹತ್ತುಮೀನು ಏರತೊಡಗಿದರೆ ಮಲೆನಾಡಿನ ಮನೆಗಳಲ್ಲಿ ಮೀನು ಹಿಡಿಯುವ ಕೂಣಿಗಳು ಅಟ್ಟದಿಂದ ಇಳಿಯುತ್ತಿದ್ದವು. ಈಗ ಕೆಲವರು ಇಳಿಸುವುದು ವೈರು. ಲೈನಿಗೆ ಕೊಕ್ಕೆ ಹಾಕಿ ತುದಿಯನ್ನು ಗುಂಡಿಗೆ ಬಿಡುತ್ತಾರೆ. ಮೈ ಸೆಟೆದ ರಭಸಕ್ಕೆ ಮೀನಿನ ಬೆನ್ನುಮೂಳೆಯೇ ಮುರಿಯಬಹುದು.

ಇದನ್ನು ಕಂಡವರು ಪಂಚಾಯಿತಿಗೆ ‘ಅಕ್ರಮ ಮೀನುಗಾರಿಕೆ’ ಎಂದು ಒಂದು ಸಾಲು ಬರೆದುಕೊಟ್ಟು ಸುಮ್ಮನಾಗುತ್ತಾರೆ. ಅಷ್ಟು ಸಾಲದು. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಹೆಸರಿಸುವುದು ಸಿಡಿಮದ್ದು ಮತ್ತು ವಿಷವನ್ನು. ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾದದ್ದೇ 1902ರಲ್ಲಿ. ಆ ಕಾಯ್ದೆಯಲ್ಲಿ ಕರೆಂಟ್ ಹುಡುಕಿದರೆ ಎಲ್ಲಿ ಸಿಕ್ಕೀತು? ಹಿಡಿಯಬೇಕಾದ ಎಳೆ ವಿದ್ಯುತ್ ಕಳ್ಳತನದ್ದು. 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ ಪ್ರಕಾರ ಲೈನಿಗೆ ಕೊಕ್ಕೆ ಹಾಕಿದರೆ ಮೂರು ವರ್ಷದವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ.

ಮೊದಲು 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಿ. ಊರಿನ ಹೆಸರಿನ ಜತೆಗೆ ಹತ್ತಿರದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲಿನ ನಂಬರ್ ಹೇಳಿದರೆ ಲೈನ್‌ಮನ್‌ಗೆ ಹುಡುಕುವ ಕೆಲಸ ತಪ್ಪುತ್ತದೆ. ಆಮೇಲೆ ತುರ್ತು ಸೇವೆಯ 112ಕ್ಕೆ.

ಈ ನಡುವೆ ನೀರಿಗೆ ಇಳಿಯಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ‘ತ್ರೀ ಫೇಸ್ ಹೋಗಿದೆ, ಪಂಪು ನಿಂತಿದೆ’ ಎಂದು ಧೈರ್ಯ ಮಾಡುವವರೇ ಹೆಚ್ಚು. ಪಂಪು ನಿಂತರೆ ಲೈನು ಸತ್ತಂತಲ್ಲ. ಸಿಂಗಲ್ ಫೇಸ್ ಇದ್ದೀತು. ಪೂರ್ತಿ ಹೋಗಿದ್ದರೂ ಯಾವ ಗಳಿಗೆಯಲ್ಲಾದರೂ ಬಂದೀತು. ಮೀನು ಹಿಡಿದವರು ಓಡಿಹೋದರೂ ಕೊಕ್ಕೆ ಅಲ್ಲೇ ಇರುತ್ತದೆ. ಬಿದಿರಿನ ಗಳದಿಂದ ವೈರ್ ಎತ್ತಿ ಎಸೆಯುವ ಸಾಹಸವೂ ಬೇಡ. ಹಸಿ ಬಿದಿರಿನಲ್ಲಿ, ಮಳೆಯಲ್ಲಿ ನೆಂದ ಬಿದಿರಿನಲ್ಲಿ ಕರೆಂಟ್ ಹರಿಯುತ್ತದೆ. ದಡದ ಕೆಸರನ್ನೂ ನಂಬಬೇಡಿ. ದನ ಬಂದರೆ ದೂರದಿಂದಲೇ ಅಟ್ಟಿ. ಯಾರಾದರೂ ನೀರಿಗೆ ಬಿದ್ದಿದ್ದರೂ ಲೈನ್ ಆಫ್ ಆದದ್ದು ಖಾತ್ರಿಯಾದ ಮೇಲೆಯೇ ಇಳಿಯಬೇಕು. ಕೇಳಲು ಕಠಿಣ, ಆದರೆ ಒಬ್ಬರ ಹಿಂದೆ ಇನ್ನೊಬ್ಬರು ಹೋಗುವುದು ಹೀಗೆಯೇ.

ಫೋಟೊವನ್ನು ದೂರದಿಂದ ತೆಗೆಯಿರಿ. ಸತ್ತ ಮೀನಿನ ರಾಶಿಗಿಂತ ಕಂಬ, ಕೊಕ್ಕೆ, ವೈರ್ ಒಂದೇ ಚಿತ್ರದಲ್ಲಿರುವುದು ಮುಖ್ಯ. ಮರುದಿನ ಲಿಖಿತ ದೂರು ಮೂರು ಕಡೆಗೆ: ಪೊಲೀಸ್ ಠಾಣೆ, ವಿದ್ಯುತ್ ಕಂಪನಿಯ ಜಾಗೃತ ದಳ, ತಾಲ್ಲೂಕಿನ ಮೀನುಗಾರಿಕೆ ಇಲಾಖೆ. ಪೊಲೀಸರಿಗೆ ಕೊಡುವ ಪ್ರತಿಯಲ್ಲಿ ಜನರ ಜೀವಕ್ಕೆ ಅಪಾಯ ತಂದದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಕೂಡ ನಮೂದಿಸಿ. ಸ್ವೀಕೃತಿ ಪಡೆಯದೆ ಬರಬೇಡಿ.

ಬ್ಯಾಟರಿ, ಇನ್ವರ್ಟರ್ ಬೆನ್ನಿಗೆ ಕಟ್ಟಿಕೊಂಡು ಬರುವವರ ಮೇಲೆ ಕಳ್ಳತನದ ಕಲಂ ನಿಲ್ಲದು. ಅಲ್ಲಿ ಮೀನುಗಾರಿಕೆ ಇಲಾಖೆಯ ಪರವಾನಗಿ ಇದೆಯೇ, ಕೆರೆಯ ಗುತ್ತಿಗೆ ಯಾರದು ಎಂಬಲ್ಲಿಂದ ಹೊರಡಬೇಕು. ಅಭಯಾರಣ್ಯದೊಳಗಾದರೆ ನೇರ ಅರಣ್ಯ ಇಲಾಖೆಗೆ. ಠಾಣೆಯಲ್ಲಿ ದೂರು ದಾಖಲಿಸದಿದ್ದರೆ ಅದೇ ಪ್ರತಿಯನ್ನು ಅಂಚೆಯಲ್ಲಿ ಜಿಲ್ಲಾ ಎಸ್‌ಪಿಗೆ ಕಳಿಸಿ, ರಸೀದಿ ಇಟ್ಟುಕೊಳ್ಳಿ.